ಪ್ರಹಸನ ಪ್ರಪಿತಾಮಹ ಟಿ. ಪಿ. ಕೈಲಾಸಂ

ಕನ್ನಡ ರಂಗಭೂಮಿಯಲ್ಲಿ ಪ್ರಹಸನಕ್ಕೆ ಗೌರವದ ಸ್ಥಾನ ದೊರಕಿಸಿಕೊಟ್ಟವರನ್ನು ಎಣಿಸತೊಡಗಿದರೆ ಮೊದಲ ಬೆರಳು ಮಡಿಸುವುದು ತ್ಯಾಗರಾಜ ಪರಮಶಿವ ಕೈಲಾಸಂ ಅವರ ಹೆಸರಿಗೆ. ಪ್ರಹಸನ ಪ್ರಪಿತಾಮಹರೆಂಬ ಬಿರುದು ಅವರಿಗೆ ಜನ ಒಲಿದು ಕೊಟ್ಟದ್ದು. ಅವರ ಕಾಲ ಸಂದು ಎಷ್ಟೋ ದಶಕಗಳು ಕಳೆದಿವೆ. ಆದರೂ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಚಿಕ್ಕ ನಾಟಕ ಬೇಕೆಂದಾಗ ಇಂದಿಗೂ ಹಿರಿಯರ ನೆನಪಿಗೆ ಬರುವುದು ಅವರ ಟೊಳ್ಳುಗಟ್ಟಿ, ಪೋಲಿ ಕಿಟ್ಟಿ, ಬಂಡ್ವಾಳ್ವಿಲ್ಲದ ಬಡಾಯಿ. ನಮ್ಮ ಶಾಲೆ ನೂರು ವರ್ಷ ತುಂಬಿಸಿಕೊಳ್ಳುತ್ತಿರುವ ಈ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸಲು ಎರಡು ಕಾರಣಗಳಿವೆ. ಮೊದಲನೆಯದು, ಕೈಲಾಸಂ ಅವರ ಮನೆಮಾತು ಕನ್ನಡವಾಗಿರಲಿಲ್ಲ. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬಂತೆ ಬದುಕುವ ಹೊಸೂರು ಸೀಮೆಯ ನಮಗೆ ಇದು ಸಣ್ಣ ಸಂಗತಿಯಲ್ಲ. ಎರಡನೆಯದು, ವಿದ್ಯೆ ಕೊಡಬಹುದಾದ ಮನ್ನಣೆಗಳನ್ನೆಲ್ಲ ಪಡೆದ ಈ ಮನುಷ್ಯ ವಿದ್ಯೆ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಜೀವನವಿಡೀ ಬಿಡದೆ ಕೇಳಿದರು. ಶತಮಾನೋತ್ಸವ ಆಚರಿಸುವ ಯಾವ ಶಾಲೆಯೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು.

ಕೈಲಾಸಂ ಹುಟ್ಟಿದ್ದು 1884ರಲ್ಲಿ, ಮೈಸೂರು ಸಂಸ್ಥಾನದಲ್ಲಿ ನೆಲೆಸಿದ್ದ ತಮಿಳು ಬ್ರಾಹ್ಮಣ ಕುಟುಂಬವೊಂದರಲ್ಲಿ. ತಂದೆ ಟಿ. ಪರಮಶಿವ ಅಯ್ಯರ್ ಸಂಸ್ಥಾನದ ನ್ಯಾಯಾಧೀಶರಾಗಿದ್ದವರು. ಶಿಸ್ತಿನವರು, ದೊಡ್ಡ ವಿದ್ವಾಂಸರು. ವೇದ ಮತ್ತು ರಾಮಾಯಣಗಳನ್ನು ತಮ್ಮದೇ ಆದ ಸ್ವತಂತ್ರ ದೃಷ್ಟಿಯಿಂದ ವಿಚಾರಿಸಿ ಗ್ರಂಥ ಬರೆದವರು. ಅಂತಹ ಮನೆಯಲ್ಲಿ ಮಗ ಚೆನ್ನಾಗಿ ಓದಿ ಸರ್ಕಾರದ ಉನ್ನತ ಹುದ್ದೆಗೆ ಏರಬೇಕೆಂಬುದು ಹೇಳದೆಯೇ ಎಲ್ಲರೂ ಒಪ್ಪಿದ ಮಾತು. ಕೈಲಾಸಂ ಆ ದಾರಿಯಲ್ಲೇ ನಡೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ವಿದ್ಯಾರ್ಥಿವೇತನ ಪಡೆದು, ಹೆಚ್ಚಿನ ವ್ಯಾಸಂಗಕ್ಕೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋದರು. ಆ ಕಾಲದಲ್ಲಿ ಹಡಗು ಹತ್ತಿ ಸೀಮೆಗೆ ಓದಲು ಹೋಗಿಬಂದ ಯುವಕನಿಗೆ ಸಂಸ್ಥಾನದಲ್ಲಿ ಎಂತಹ ಬಾಗಿಲೂ ತೆರೆಯುತ್ತಿತ್ತು.

ಲಂಡನ್ನಿನಲ್ಲಿ ಅವರು ಕಲ್ಲುಗಳ ಶಾಸ್ತ್ರವನ್ನು ಕಲಿತರು. ಅದಕ್ಕಿಂತ ಹೆಚ್ಚಾಗಿ ಅಲ್ಲಿಯ ನಾಟಕಶಾಲೆಗಳಲ್ಲಿ ಕುಳಿತು ನಟರನ್ನು ನೋಡಿದರು. ದೊಡ್ಡ ನಾಟಕಗಳನ್ನು ನೋಡಿದಂತೆಯೇ ಸಾಮಾನ್ಯ ಜನ ಸೇರಿ ಹಾಡಿ ನಗುತ್ತಿದ್ದ ಸಂಗೀತಶಾಲೆಗಳ ಹಾಡುಗಳನ್ನೂ ಕಿವಿತುಂಬ ತುಂಬಿಕೊಂಡರು. ಅಂಗಸಾಧನೆಯಲ್ಲೂ ಅವರಿಗೆ ಅಪಾರ ಆಸಕ್ತಿಯಿತ್ತು. ಮೊದಲನೆಯ ಮಹಾಯುದ್ಧ ಆರಂಭವಾಗಿದ್ದ ಕಾಲದಲ್ಲಿ, 1915ರ ಹೊತ್ತಿಗೆ ಅವರು ತಾಯ್ನಾಡಿಗೆ ಮರಳಿದರು. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆ ಅವರಿಗಾಗಿ ಕಾದಿತ್ತು. ಇಲಾಖೆಯ ಕೆಲಸದಲ್ಲಿ ಶಿವಮೊಗ್ಗ ಸೀಮೆಯಲ್ಲೂ ಇದ್ದರು. ಆದರೆ ಕೆಲವೇ ವರ್ಷಗಳಲ್ಲಿ ಆ ಹುದ್ದೆಯನ್ನು ಬಿಟ್ಟುಬಿಟ್ಟರು. ಸಂಬಳ, ನಿವೃತ್ತಿವೇತನ, ಸ್ಥಾನಮಾನ ಎಲ್ಲವನ್ನೂ ಬದಿಗಿಟ್ಟು ನಾಟಕದ ಕಡೆ ನಡೆದ ಮಗನನ್ನು ಕಂಡು ಆ ಮನೆ ಎಷ್ಟು ನೊಂದಿರಬೇಕೆಂಬುದನ್ನು ಮಕ್ಕಳನ್ನು ಓದಿಸಿದ ಯಾರಾದರೂ ಊಹಿಸಬಲ್ಲರು.

ಅವರು ಕಾಲಿಟ್ಟ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ತಿಳಿಯಬೇಕು. ಅದು ವೃತ್ತಿ ನಾಟಕ ಕಂಪನಿಗಳ ವೈಭವದ ಕಾಲ. ಅರಮನೆ, ಅರಣ್ಯ, ಬೀದಿಗಳನ್ನು ಚಿತ್ರಿಸಿದ ಪರದೆಗಳು, ಜರತಾರಿ ಉಡುಪು, ಹಾರ್ಮೋನಿಯಂ, ಮೇಲಿಂದ ಮೇಲೆ ಹಾಡುಗಳು, ಪುರಾಣದ ಕಥೆಗಳು. ಎ. ವಿ. ವರದಾಚಾರ್ಯರಂತಹ ಮಹಾನಟರ ಕಂಠಕ್ಕೆ ಜನ ರಾತ್ರಿಯಿಡೀ ಕುಳಿತು ಕಿವಿಗೊಡುತ್ತಿದ್ದರು. ಅದರ ಸೊಬಗು ಸಣ್ಣದಲ್ಲ. ಆದರೆ ಆ ರಂಗದ ಮೇಲೆ ಪಾತ್ರಗಳು ಆಡುತ್ತಿದ್ದ ಕನ್ನಡ ಗ್ರಂಥದ ಕನ್ನಡ. ನಾಟಕ ನೋಡಲು ಬಂದವನು ತನ್ನ ಮನೆಯ ಮಾತನ್ನು ಅಲ್ಲಿ ಕೇಳುತ್ತಿರಲಿಲ್ಲ. ತನ್ನ ಮನೆಯ ಜಗಳವನ್ನೂ ಕಾಣುತ್ತಿರಲಿಲ್ಲ. ಆಡುಮಾತಿನ ಪ್ರಹಸನ ಕನ್ನಡದಲ್ಲಿ ಇರಲೇ ಇಲ್ಲವೆಂದಲ್ಲ. 1887ರಷ್ಟು ಹಿಂದೆಯೇ ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಕನ್ಯಾವಿಕ್ರಯದ ಕೆಡುಕನ್ನು ಎತ್ತಿಕೊಂಡು ಇಗ್ಗಪ್ಪ ಹೆಗ್ಗಡೆ ವಿವಾಹ ಪ್ರಹಸನವನ್ನು ರಚಿಸಿದ್ದರು. ಆದರೆ ಆ ಬೀಜ ಬಹುಕಾಲ ಮೊಳೆಯದೆ ಉಳಿಯಿತು. ಹಳೆಯ ಮೈಸೂರಿನ ಪಟ್ಟಣಗಳ ನಡುಮನೆಯನ್ನು ರಂಗದ ಮೇಲೆ ತಂದು ನಿಲ್ಲಿಸುವ ಕೆಲಸ ಕೈಲಾಸಂ ಅವರಿಗಾಗಿ ಕಾದಿತ್ತು.

ವೃತ್ತಿ ಕಂಪನಿಗಳ ಪಕ್ಕದಲ್ಲೇ ಇನ್ನೊಂದು ಹೊಳೆ ಹರಿಯತೊಡಗಿತ್ತು. ಬೇರೆ ಉದ್ಯೋಗದಲ್ಲಿದ್ದುಕೊಂಡು ಪ್ರೀತಿಗಾಗಿ ನಾಟಕವಾಡುವ ವಿದ್ಯಾವಂತರು ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿ ಸಂಘವನ್ನು ಕಟ್ಟಿದ್ದರು. 1918ರ ಸುಮಾರಿನಲ್ಲಿ ಈ ಸಂಘ ಏರ್ಪಡಿಸಿದ ಸ್ಪರ್ಧೆಯಲ್ಲಿ ಬಹುಮಾನ ಪಡೆದದ್ದು ಕೈಲಾಸಂ ಅವರ ಟೊಳ್ಳುಗಟ್ಟಿ. ಆಧುನಿಕ ಕನ್ನಡ ಸಾಮಾಜಿಕ ನಾಟಕದ ಚರಿತ್ರೆಯನ್ನು ಬರೆಯುವವರು ಇಲ್ಲಿಂದ ಒಂದು ಹೊಸ ಅಧ್ಯಾಯವನ್ನೇ ತೆರೆಯುತ್ತಾರೆ.

ಟೊಳ್ಳುಗಟ್ಟಿಯ ಕಥೆ ತೀರ ಸರಳ. ಒಂದು ಮನೆಯಲ್ಲಿ ಎರಡು ಬಗೆಯ ಮಕ್ಕಳು. ಒಬ್ಬ ಪುಸ್ತಕದಿಂದ ತಲೆ ಎತ್ತದವನು. ಪರೀಕ್ಷೆ, ದರ್ಜೆ, ಪದಕ ಇವೇ ಅವನ ಲೋಕ. ತಂದೆಗೆ ಅವನೇ ಹೆಮ್ಮೆ. ಇನ್ನೊಬ್ಬನಿಗೆ ಓದು ಹತ್ತದು. ಆದರೆ ಮನೆಯವರ ಕಷ್ಟಕ್ಕೆ ಮೊದಲು ಕೈ ನೀಡುವವನು ಅವನೇ. ಸಂಕಟ ಬಂದು ಬಾಗಿಲಲ್ಲಿ ನಿಂತಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಾನಾಗಿ ತಿಳಿಯುತ್ತದೆ. ಈ ನಾಟಕವನ್ನು ಬರೆದವರು ಪರೀಕ್ಷೆಯಲ್ಲಿ ಸೋತು ಪರೀಕ್ಷೆಯನ್ನು ಹಳಿದವರಾಗಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಎರಡು ಖಂಡಗಳ ವಿದ್ಯಾಪೀಠಗಳಲ್ಲಿ ಓದಿ ಗೆದ್ದುಬಂದವರೇ ಈ ಮಾತನ್ನು ಹೇಳಿದರು. ಆದುದರಿಂದ ಅದನ್ನು ಹೊಟ್ಟೆಕಿಚ್ಚಿನ ಮಾತೆಂದು ಯಾರೂ ತಳ್ಳಿಹಾಕಲು ಬರಲಿಲ್ಲ. ಪೋಲಿ ಕಿಟ್ಟಿಯಲ್ಲಿಯೂ ಅವರು ಇದೇ ಎಳೆಯನ್ನು ಹಿಡಿದರು. ದೊಡ್ಡವರೆಲ್ಲ ಸೇರಿ ಪೋಲಿಯೆಂದು ಹಣೆಪಟ್ಟಿ ಕಟ್ಟಿದ ಹುಡುಗನ ಒಳಗಿನ ಬಂಗಾರವನ್ನು ತೋರಿಸಿಕೊಟ್ಟರು. ಪಾಠ ಹೇಳುವ ನಾವು ತರಗತಿಯ ಹಿಂದಿನ ಸಾಲನ್ನು ನೋಡುವಾಗಲೆಲ್ಲ ನೆನೆಯಬೇಕಾದ ಎರಡು ನಾಟಕಗಳಿವು.

ಮುಂದಿನ ವರ್ಷಗಳಲ್ಲಿ ಅವರ ಪ್ರಹಸನಗಳು ಒಂದರ ಹಿಂದೊಂದು ಬಂದವು. ತಾಳಿ ಕಟ್ಟೋಕ್ ಕೂಲೀನೇ, ಅಮ್ಮಾವ್ರ ಗಂಡ, ಹೋಂ ರೂಲು, ಗಂಡಸ್ಕತ್ರಿ, ವೈದ್ಯನ ವ್ಯಾಧಿ, ನಮ್ ಬ್ರಾಹ್ಮಣ್ಕೆ, ನಮ್ ಕ್ಲಬ್ಬು, ನಮ್ ಕಂಪ್ನಿ, ಸೀಕರ್ಣೆ ಸಾವಿತ್ರಿ: ಈ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಬೇಕು. ಬಂಡವಾಳವಿಲ್ಲದ ಎಂದು ಬರೆಯುವುದು ವ್ಯಾಕರಣ. ಬಂಡ್ವಾಳ್ವಿಲ್ಲದ ಎಂಬುದು ಬಾಯಿ. ಕೈಲಾಸಂ ಬಾಯಿಯ ಕಡೆ ನಿಂತರು. ಮಾತನಾಡುವಾಗ ನಾವು ಎಲ್ಲಿ ಸ್ವರವನ್ನು ನುಂಗುತ್ತೇವೆ, ಎಲ್ಲಿ ಎರಡು ಪದಗಳನ್ನು ಒಂದಾಗಿ ಹೊಸೆಯುತ್ತೇವೆ, ಕೋಪ ಬಂದಾಗ ಯಾವ ಪದವನ್ನು ಎಳೆಯುತ್ತೇವೆ ಎಂಬುದೆಲ್ಲ ಅವರ ಕಾಗುಣಿತದಲ್ಲಿ ಇಳಿದಿದೆ. ಅವರ ಪುಟವನ್ನು ಕಣ್ಣಿನಲ್ಲಿ ಓದಿದರೆ ತೊಡಕೆನಿಸುತ್ತದೆ. ಗಟ್ಟಿಯಾಗಿ ಓದಿದ ಕೂಡಲೇ ಪಾತ್ರ ಎದ್ದುಬಂದು ಎದುರಿಗೆ ಕೂರುತ್ತದೆ. ಕನ್ನಡವನ್ನು ತೊಟ್ಟಿಲಲ್ಲೇ ಕೇಳಿದವರಿಗೆ ಕನ್ನಡ ಗಾಳಿಯಂತೆ. ಅದನ್ನು ಉಸಿರಾಡುತ್ತಾರೆ, ಗಮನಿಸುವುದಿಲ್ಲ. ಬೇರೊಂದು ಮನೆಮಾತಿನಿಂದ ಬಂದ ಕಿವಿಗೆ ಅದರ ಒಂದೊಂದು ಬಳುಕೂ ಬೇರೆಯಾಗಿ ಕೇಳಿಸಿರಬೇಕೆಂದು ನಮಗೆ ತೋರುತ್ತದೆ.

ಆ ಕಾಲದ ಬೆಂಗಳೂರು, ಮೈಸೂರುಗಳ ವಿದ್ಯಾವಂತರ ಮನೆಗಳಲ್ಲಿ ಇಂಗ್ಲಿಷು ಕನ್ನಡದೊಳಗೆ ಧಾರಾಳವಾಗಿ ಬೆರೆತಿತ್ತು. ಕೈಲಾಸಂ ಅದನ್ನೂ ಇದ್ದಂತೆಯೇ ರಂಗಕ್ಕೆ ತಂದರು. ವಕೀಲ, ಗುಮಾಸ್ತೆ, ನಿವೃತ್ತ ಅಧಿಕಾರಿ, ಕಾಲೇಜು ಹುಡುಗ ಇವರೆಲ್ಲ ಅವರ ನಾಟಕಗಳಲ್ಲಿ ಅರ್ಧ ಇಂಗ್ಲಿಷಿನಲ್ಲಿ ಕೊಚ್ಚಿಕೊಳ್ಳುತ್ತಾರೆ. ಅಡುಗೆಮನೆಯಿಂದ ಹೊರಬಂದ ಹೆಂಗಸು ಅಚ್ಚಕನ್ನಡದ ಒಂದೇ ಮಾತಿನಲ್ಲಿ ಅವರ ಗಾಳಿಯನ್ನು ಇಳಿಸಿಬಿಡುತ್ತಾಳೆ. ಈ ಬೆರಕೆ ಭಾಷೆಗಾಗಿ ಅವರು ಟೀಕೆಯನ್ನೂ ಎದುರಿಸಿದರು. ಭಾಷೆಯನ್ನು ಕೆಡಿಸಿದರೆಂದು ಮಡಿವಂತರು ಮುನಿದರು. ಆದರೆ ಅವರು ಬೆರಕೆಯನ್ನು ಮೆರೆಸಲಿಲ್ಲ, ಅದಕ್ಕೆ ಕನ್ನಡಿ ಹಿಡಿದರು. ಕಕ್ಷಿಗಾರರೇ ಇಲ್ಲದ ವಕೀಲ ಅಹೋಬ್ಲುವಿನ ಬಡಾಯಿಯನ್ನು ಕೇಳಿ ಮೊದಲು ನಗುವವರು ಅಂತಹ ಇಂಗ್ಲಿಷನ್ನೇ ಆಡುತ್ತಿದ್ದ ಪ್ರೇಕ್ಷಕರು. ನಕ್ಕ ಮೇಲೆ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು. ಆ ನಾಚಿಕೆಯೇ ಅವರ ಪ್ರಹಸನಗಳ ಫಲ.

ನಗೆ ಅವರ ಸಾಧನ, ಗುರಿಯಲ್ಲ. ತಾಳಿ ಕಟ್ಟೋಕ್ ಕೂಲೀನೇ ಎಂಬ ಹೆಸರೇ ವರದಕ್ಷಿಣೆಯ ಮುಖಕ್ಕೆ ಹಿಡಿದ ದೀಪ: ತಾಳಿ ಕಟ್ಟಲು ಗಂಡಿಗೆ ಕೂಲಿ ಬೇಕೆ ಎಂಬ ಪ್ರಶ್ನೆಗೆ ಆ ದಿನಗಳ ಯಾವ ಮರ್ಯಾದಸ್ಥ ಮನೆಯೂ ನೇರವಾಗಿ ಉತ್ತರಿಸುವಂತಿರಲಿಲ್ಲ. ಬಹಿಷ್ಕಾರದಲ್ಲಿ ನಗೆ ಹಿಂದಕ್ಕೆ ಸರಿಯುತ್ತದೆ. ಕಟ್ಟಳೆಯ ಕಾಲಕ್ಕೆ ಮಗಳ ಮದುವೆ ಮಾಡಲಾಗದ ತಂದೆಯನ್ನು ಸಮಾಜ ಹೇಗೆ ಹಿಂಡುತ್ತದೆ ಎಂಬುದನ್ನು ಅವರು ಮರುಕದಿಂದ ತೋರಿಸಿದರು. ಹಾಸ್ಯಗಾರನೆಂದು ಹೆಸರಾದವರು ಇಂತಹ ನಾಟಕವನ್ನು ರಚಿಸಿದರೆ ನಗಲು ಬಂದವರು ಕಣ್ಣೊರೆಸಿಕೊಂಡು ಹೋಗಬೇಕಾಗುತ್ತದೆ. ತಮ್ಮದೇ ಸಮುದಾಯದ ಆಚಾರಗಳನ್ನು ಒಳಗಿನಿಂದ ಬಲ್ಲವರಾದ್ದರಿಂದ ಅವರ ಏಟು ಗುರಿ ತಪ್ಪುತ್ತಿರಲಿಲ್ಲ. ಹಾಗೆಯೇ ಅವರು ತಮ್ಮ ಪಾತ್ರಗಳನ್ನು ಎಂದೂ ದ್ವೇಷಿಸಲಿಲ್ಲ. ಬಡಾಯಿಕೋರನ ಹಿಂದಿನ ಬಡತನವೂ ಅವರ ಕಣ್ಣಿಗೆ ಬೀಳುತ್ತಿತ್ತು.

ಅವರ ಹಾಡುಗಳ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕೋಳೀಕೆ ರಂಗನನ್ನು ಅರಿಯದ ಕನ್ನಡಿಗರು ವಿರಳ. ಕಾನ್ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಒಂದು ಇಂಗ್ಲಿಷ್ ಹಾಡು ಲಂಡನ್ನಿನಲ್ಲಿ ಜನಪ್ರಿಯವಾಗಿತ್ತು. ಕೈಲಾಸಂ ಅದರ ಮಟ್ಟಿಗೆ ನಮ್ಮ ಹಳ್ಳಿಗನೊಬ್ಬನನ್ನು ಕೂರಿಸಿದರು. ಅಷ್ಟೇ ಅಲ್ಲ, ಒತ್ವ, ಗುಡಿಸು, ದೀರ್ಘ, ಸೊನ್ನೆ ಎಂದು ನಮ್ಮ ಶಾಲೆಯ ಮಣೆಯ ಮೇಲೆ ಕಲಿಸುವ ಕಾಗುಣಿತದಲ್ಲೇ ಅವನ ಹೆಸರನ್ನು ಬಿಡಿಸಿದರು. ಯುದ್ಧಕಾಲದಲ್ಲಿ ಸೈನಿಕರು ಹಾಡುತ್ತ ಹೋಗುತ್ತಿದ್ದ ಟಿಪ್ಪರೇರಿಯ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯಾಯಿತು. ಐರ್ಲೆಂಡಿನ ಊರು ಹೋಗಿ ನಮ್ಮ ಕಡೆಯ ಹಳ್ಳಿ ಬಂತು. ಮನೆಯನ್ನು ಬಿಟ್ಟು ದೂರ ಬಂದವನ ಹಂಬಲ ಮಾತ್ರ ಹಾಗೆಯೇ ಉಳಿಯಿತು. ಹೊರಗಿನದನ್ನು ತರುವುದು ತಪ್ಪಲ್ಲ, ತಂದದ್ದನ್ನು ನಮ್ಮದಾಗಿಸಿಕೊಳ್ಳಬೇಕು ಎಂಬುದಕ್ಕೆ ಇವೆರಡು ಹಾಡುಗಳಿಗಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಕನ್ನಡದಲ್ಲಿ ನಗಿಸಿದ ಕೈಲಾಸಂ ಇಂಗ್ಲಿಷಿನಲ್ಲಿ ಬೇರೆಯೇ ಮನುಷ್ಯರು. ಪುರಾಣದ ಮಹಾಪಾತ್ರಗಳನ್ನು ಕುರಿತು ಬರೆಯುವಾಗ ಅವರು ಗಂಭೀರವಾದ ಇಂಗ್ಲಿಷನ್ನು ಆರಿಸಿಕೊಂಡರು. ಭರತನನ್ನು ಕುರಿತ ದಿ ಬರ್ಡನ್, ಏಕಲವ್ಯ ಮತ್ತು ಕೃಷ್ಣರನ್ನು ಎದುರುಬದುರು ನಿಲ್ಲಿಸುವ ಫುಲ್ಫಿಲ್ಮೆಂಟ್, ಕರ್ಣನನ್ನು ಕುರಿತ ನಾಟಕ ಇವೆಲ್ಲ ಈ ಸಾಲಿನವು. ಇವುಗಳಲ್ಲಿ 1944ರಲ್ಲಿ ಪ್ರಕಟವಾದ ದಿ ಪರ್ಪಸ್ ನಾಟಕವನ್ನು ಶಾಲೆಯವರಾದ ನಾವು ವಿಶೇಷವಾಗಿ ನೆನೆಯಬೇಕು. ದ್ರೋಣರ ಬಳಿ ಬಿಲ್ವಿದ್ಯೆ ಕಲಿಯಬಯಸುವ ಇಬ್ಬರು ಹುಡುಗರು ಇಲ್ಲಿದ್ದಾರೆ. ಅರ್ಜುನನಿಗೆ ಲೋಕದಲ್ಲೆಲ್ಲ ಮೊದಲಿಗನಾಗುವ ಆಸೆ. ಬೇಡರ ಹುಡುಗ ಏಕಲವ್ಯನಿಗೆ ತನ್ನ ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಕಾಪಾಡುವ ಆಸೆ. ಒಂದೇ ವಿದ್ಯೆ, ಎರಡು ಉದ್ದೇಶ. ಗುರುವಿನ ಮನೆಯಲ್ಲಿ ಸ್ಥಳ ಸಿಕ್ಕಿದ್ದು ಮೊದಲನೆಯವನಿಗೆ. ಹೆಬ್ಬೆರಳು ತೆತ್ತದ್ದು ಎರಡನೆಯವನು. ಮಹಾಭಾರತದ ಕಥೆಯನ್ನು ಬದಲಿಸದೆಯೇ ಕೈಲಾಸಂ ಅದರೊಳಗೆ ಈ ಪ್ರಶ್ನೆಯನ್ನು ಇಟ್ಟರು. ಟೊಳ್ಳುಗಟ್ಟಿಯಿಂದ ಇಲ್ಲಿಗೆ ಇಪ್ಪತ್ತೈದು ವರ್ಷಗಳಿಗೂ ಹೆಚ್ಚಿನ ಅಂತರ. ಭಾಷೆ ಬೇರೆ, ರಸ ಬೇರೆ, ಕಾಲ ಬೇರೆ. ಆದರೆ ಕೇಳಿದ್ದು ಅದೇ ಮಾತು: ಕಲಿಯುವುದು ಯಾರಿಗಾಗಿ?

ಅವರು ನಾಟಕ ಕಟ್ಟುತ್ತಿದ್ದ ರೀತಿಯೂ ವಿಲಕ್ಷಣವಾದುದು. ಲೇಖನಿ ಹಿಡಿದು ಮೇಜಿನ ಮುಂದೆ ಕೂರುವುದು ಅವರ ಜಾಯಮಾನವಲ್ಲ. ನಾಟಕ ಇಡಿಯಾಗಿ ತಲೆಯಲ್ಲಿ ಬೆಳೆಯುತ್ತಿತ್ತು. ಗೆಳೆಯರು ಸೇರಿದಾಗ ಎಲ್ಲ ಪಾತ್ರಗಳನ್ನೂ ತಾವೇ ಆಡಿ, ದನಿ ಬದಲಿಸಿ, ಮುಖ ಬದಲಿಸಿ ಕೇಳಿಸುತ್ತಿದ್ದರು. ಬಲ್ಲವರು ಕೂತು ಬರೆದುಕೊಂಡರೆ ಅದು ಪುಸ್ತಕವಾಯಿತು; ಬರೆದುಕೊಳ್ಳುವವರಿಲ್ಲದ ರಾತ್ರಿಗಳಲ್ಲಿ ಆಡಿದ್ದು ಗಾಳಿಗೆ ಹೋಯಿತು. ಕೀಚಕನನ್ನು ಕುರಿತ ಅವರ ಇಂಗ್ಲಿಷ್ ನಾಟಕ ನಮಗೆ ದಕ್ಕಿದ್ದೂ ಕೇಳಿದವರು ನೆನಪಿನಿಂದ ಬರೆದಿಟ್ಟದ್ದರಿಂದ, ಅದೂ ಅವರು ತೀರಿಕೊಂಡ ಮೇಲೆ. ಮನೆ, ಹಣ, ಆರೋಗ್ಯ ಯಾವುದರ ಕಡೆಗೂ ಅವರು ಗಮನ ಕೊಡಲಿಲ್ಲ. ಹಗಲು ರಾತ್ರಿಗಳ ಲೆಕ್ಕವಿಲ್ಲದ, ಸಿಗರೇಟಿನ ಹೊಗೆಯ ನಡುವಿನ ಆ ಬದುಕು ಅವರ ದೇಹವನ್ನು ಸವೆಸಿತು, ಸಂಸಾರವನ್ನೂ ನೋಯಿಸಿತು. ಮಹಾಪುರುಷರ ಚರಿತ್ರೆ ಬರೆಯುವಾಗ ಇದನ್ನು ಮುಚ್ಚಿಡುವುದು ವಾಡಿಕೆ. ಮನೆಯ ಒಳಗಿನ ಸುಳ್ಳನ್ನೆಲ್ಲ ಬೆಳಕಿಗೆ ತಂದವರ ವಿಷಯದಲ್ಲಿ ಹಾಗೆ ಮಾಡುವುದು ಉಚಿತವಲ್ಲ. ಅವರ ಪ್ರತಿಭೆಯ ಫಲ ಕನ್ನಡಕ್ಕೆ ಸಂದಿತು. ಅದರ ಬೆಲೆಯನ್ನು ಬಹುಪಾಲು ಅವರ ಮನೆಯವರು ತೆತ್ತರು.

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿ ನಡೆದಾಗ ಅಧ್ಯಕ್ಷ ಪೀಠ ಕೈಲಾಸಂ ಅವರಿಗೆ ಒಲಿದುಬಂತು. ಈ ಘಟನೆಯ ಅರ್ಥ ಗಡಿಯಾಚೆಯ ನಮಗೆ ಇನ್ನಷ್ಟು ಆಳವಾಗಿ ತಿಳಿಯುತ್ತದೆ. ಅಂದು ಹೊಸೂರು ಸೇಲಂ ಜಿಲ್ಲೆಯಲ್ಲಿ, ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲಿ, ಕಾಸರಗೋಡು ದಕ್ಷಿಣ ಕನ್ನಡದಲ್ಲಿ, ಆದವಾನಿ ಮತ್ತು ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿ, ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿ ಇದ್ದವು. ನೀಲಗಿರಿಯೂ ವಯನಾಡೂ ಸೇರಿ ಇವೆಲ್ಲಕ್ಕೂ ಮದರಾಸೇ ರಾಜಧಾನಿ. ಅಂತಹ ಮದರಾಸಿನಲ್ಲಿ, ತಮಿಳು ಮನೆಮಾತಿನ ಒಬ್ಬ ಕನ್ನಡ ನಾಟಕಕಾರ, ತಾನು ಹಿಂದೆ ವಿದ್ಯಾರ್ಥಿಯಾಗಿ ಓಡಾಡಿದ ಊರಿನಲ್ಲೇ, ಕನ್ನಡ ಸಾಹಿತ್ಯದ ಅತ್ಯುನ್ನತ ಪೀಠದಲ್ಲಿ ಕುಳಿತರು. ಕನ್ನಡಿಗನೆಂದರೆ ಯಾರು ಎಂಬ ಪ್ರಶ್ನೆಗೆ ಅಂದಿನ ಸಮ್ಮೇಳನ ಕೊಟ್ಟ ಉತ್ತರ ಉದಾರವಾಗಿತ್ತು. ಬೆರಕೆ ಮಾತಿನವರೆಂದು ಹಳಿಸಿಕೊಂಡವರಿಗೆ ಕನ್ನಡ ತನ್ನ ಮಣೆ ಹಾಕಿತು.

ಆ ಗೌರವದ ಮರುವರ್ಷವೇ, 1946ರಲ್ಲಿ, ಕೈಲಾಸಂ ಬೆಂಗಳೂರಿನಲ್ಲಿ ತೀರಿಕೊಂಡರು. ಹೇಳಿಕೊಳ್ಳುವ ಆಸ್ತಿಯೇನನ್ನೂ ಅವರು ಕೂಡಿಡಲಿಲ್ಲ. ಆದರೆ ಹವ್ಯಾಸಿ ರಂಗಭೂಮಿಗೆ ಅವರು ಬಿಟ್ಟುಹೋದದ್ದು ದೊಡ್ಡ ಗಂಟು. ನಾಲ್ಕು ಕುರ್ಚಿ, ಒಂದು ಮೇಜು, ಆರೇಳು ಮಂದಿ ಇದ್ದರೆ ನಾಟಕವಾಡಬಹುದು. ರಾಜನ ಕಥೆ ಬೇಡ, ಪಕ್ಕದ ಮನೆಯ ಕಥೆ ಸಾಕು. ಪಾತ್ರಕ್ಕೆ ಕಿರೀಟ ಬೇಡ, ಅದರ ಮಾತು ನಿಜವಾಗಿದ್ದರೆ ಸಾಕು. ಈ ಧೈರ್ಯವನ್ನು ಶಾಲಾ ಕಾಲೇಜುಗಳಿಗೂ ಊರೂರಿನ ಸಂಘಗಳಿಗೂ ಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಪರದೆ ಕೊಳ್ಳಲು ಹಣವಿಲ್ಲದ ಶಾಲೆಗಳೂ ನಾಟಕವಾಡುವಂತಾದದ್ದು ಆ ಬಳಿಕ.

ಅವರ ಜೀವನದಿಂದ ಇಂದಿನ ನಮ್ಮ ಮಕ್ಕಳು ಏನನ್ನು ತೆಗೆದುಕೊಳ್ಳಬೇಕು? ಅಂಕ ಬೇಡವೆಂಬ ಪಾಠವನ್ನಂತೂ ಅಲ್ಲ. ಕೈಲಾಸಂ ಸ್ವತಃ ಚೆನ್ನಾಗಿ ಓದಿದವರು. ಆ ಓದೇ ಅವರ ಕಣ್ಣನ್ನು ಹರಿತಗೊಳಿಸಿತು. ಅಂಕಪಟ್ಟಿಯ ಆಚೆಗೂ ಒಂದು ಲೆಕ್ಕವಿದೆ, ಮನೆಗೆ ಕಷ್ಟ ಬಂದ ದಿನ ಅದು ತೆರೆಯುತ್ತದೆ ಎಂಬುದನ್ನು ತಿಳಿದರೆ ಸಾಕು. ಹೆತ್ತವರ ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡಿ ನಮ್ಮ ಶಾಲೆಗೆ ಕನ್ನಡ ಕಲಿಯಲು ಬರುವ ಮಗು ತಾನು ಅರ್ಧ ಕನ್ನಡಿಗನೆಂದು ತಗ್ಗಿ ಕೂರಬೇಕಾಗಿಲ್ಲ. ಭಾಷೆ ಕಿವಿಗೊಟ್ಟವರ ಸೊತ್ತು.

ದೊಡ್ಡವರಾದ ನಮಗೂ ಒಂದು ಕೆಲಸ ಉಳಿದಿದೆ. ಬರೆದುಕೊಳ್ಳುವವರಿಲ್ಲದೆ ಕೈಲಾಸಂ ಅವರ ಎಷ್ಟೋ ಮಾತು ಗಾಳಿಗೆ ಹೋಯಿತು. ನಮ್ಮ ಸೀಮೆಯ ಕನ್ನಡವೂ ಇಂದು ಬಹುಮಟ್ಟಿಗೆ ಬಾಯಲ್ಲೇ ಇದೆ: ಅಜ್ಜಿಯರ ಗಾದೆಗಳಲ್ಲಿ, ಹೊಲದ ಕೆಲಸದ ಪದಗಳಲ್ಲಿ, ಎರಡು ಮೂರು ಭಾಷೆಗಳನ್ನು ಹೊಸೆದು ಆಡುವ ಸಂತೆಯ ಮಾತಿನಲ್ಲಿ. ಪುಸ್ತಕದ ಕನ್ನಡವನ್ನು ಮಕ್ಕಳಿಗೆ ಕಲಿಸುತ್ತ ಬಂದ ಶಾಲೆ, ಎರಡನೆಯ ಶತಮಾನಕ್ಕೆ ಕಾಲಿಡುವ ಈ ಹೊತ್ತಿನಲ್ಲಿ, ಅವರ ಮನೆಯ ಹಿರಿಯರ ಬಾಯಲ್ಲಿರುವ ಈ ಕನ್ನಡವನ್ನು ಅವರಿಂದಲೇ ಬರೆಸಿಡುವ ಕಾರ್ಯಕ್ಕೂ ತೊಡಗಲಿ. ಮುಂದಿನ ವಾರ್ಷಿಕೋತ್ಸವದಲ್ಲಿ ಟೊಳ್ಳುಗಟ್ಟಿಯ ಜೊತೆಗೆ ಮಕ್ಕಳೇ ಹೊಸೆದ, ನಮ್ಮ ಊರಿನ ಮಾತಿನ ಒಂದು ನಗೆನಾಟಕವೂ ರಂಗಕ್ಕೆ ಬರಲಿ. ಪ್ರಹಸನ ಪ್ರಪಿತಾಮಹರಿಗೆ ನಮ್ಮಂತಹ ಶಾಲೆ ಸಲ್ಲಿಸಬಹುದಾದ ಗೌರವ ಅದೇ.